ಹೋಲಿಕೆಯ ಊರಿನಿಂದ

ಗೇಟಿನಕೇರಿ, ಚಪ್ಪರದ ಕೆಳಗಿನಿಂದ
ಎರಡು ಸಾವಿರದ ನೂರ ಎಂಬತ್ತಾರನೆಯ ಇಸವಿ, ವೈಶಾಖದ ಎಪ್ಪತ್ತನೆಯ ದಿನ

ನನಗಿಂತ ಒಂದೂವರೆ ಶತಮಾನ ಮೊದಲು ಊರೂರು ತಿರುಗಿ, ಯೋಜನೆಗಳು ಬರುವ ಮುನ್ನ ಜನರ ಸ್ಥಿತಿಗತಿ ಬರೆದುಕೊಳ್ಳುತ್ತಿದ್ದ ಹಿರಿಯರಿಗೆ, ಹೂಳುಬಯಲಿನ ದಾಕ್ಷಾಯಣಿ ಮಾಡುವ ಶರಣು.

ವೈಶಾಖಕ್ಕೆ ಎಪ್ಪತ್ತು ದಿನ ಎಲ್ಲಿಂದ ಬಂದವು ಎಂದು ನೀವು ಕೇಳುವಿರಿ. ನಮ್ಮಲ್ಲಿ ಮೊದಲ ಮಳೆ ಬೀಳುವವರೆಗೆ ತಿಂಗಳು ಬದಲಿಸುವುದಿಲ್ಲ. ಜ್ಯೇಷ್ಠ ಎಂದು ಬಾಯಲ್ಲಿ ಅಂದಮೇಲೆ ಬಿತ್ತಬೇಕು, ಬಿತ್ತಿದರೆ ಬೀಜ ನೆಲದಲ್ಲೇ ಹುರಿದುಹೋಗುತ್ತದೆ. ಅದಕ್ಕೆ ನಮ್ಮ ಹಿರಿಯರು ತಿಂಗಳನ್ನೇ ತಡೆದು ನಿಲ್ಲಿಸಿದರು. ನಾನು ಚಿಕ್ಕವಳಿದ್ದಾಗ ಒಂದು ವರ್ಷ ವೈಶಾಖ ಮುಗಿಯಲೇ ಇಲ್ಲ. ನನ್ನ ಮಾತುಗಳೂ ನಿಮಗೆ ಸೊಟ್ಟಗೆ ಕೇಳಿಸಬಹುದು, ಕ್ಷಮಿಸಬೇಕು. ಅವು ನಿಮ್ಮವೇ ಮಾತುಗಳು. ನಿಮ್ಮಿಂದ ನಮ್ಮವರೆಗೆ ಬರುವಷ್ಟರಲ್ಲಿ ಅವುಗಳ ಒಳಗಿನ ವಸ್ತು ಬದಲಾಗಿದೆ. ಹಗೇವು ಎಂದರೆ ನಿಮಗೆ ಜೋಳ ತುಂಬಿಡುವ ನೆಲದ ಗುಂಡಿ. ನಾವು ಅದರಲ್ಲಿ ನಮ್ಮನ್ನೇ ತುಂಬಿಕೊಳ್ಳುತ್ತೇವೆ.

ನಾನು ಹುಟ್ಟಿದ್ದು ನಡುಹೂಳ ಎಂಬ ಊರಿನಲ್ಲಿ. ನಿಮ್ಮ ಕಾಲದಲ್ಲಿ ಅಲ್ಲಿ ಊರಿರಲಿಲ್ಲ, ಅಣೆಕಟ್ಟಿನ ಹಿನ್ನೀರು ಇತ್ತು. ಆ ನೀರಿನ ಅಡಿಯಲ್ಲಿ ಅದಕ್ಕೂ ಹಿಂದಿನ ಊರುಗಳಿದ್ದವಂತೆ. ಹೊಳೆ ತಂದ ಮಣ್ಣು ವರ್ಷವರ್ಷಕ್ಕೂ ಕೆಳಗೆ ಕೂತು, ನೀರು ಮೇಲೆ ತೆಳುವಾಗಿ, ಕೊನೆಗೆ ಹೂಳು ಮಾತ್ರ ಉಳಿಯಿತು. ಕಣ್ಣು ಹರಿಯುವವರೆಗೂ ಬೂದಿಬಣ್ಣದ ಆ ಬಯಲಿಗೆ ನಾವು ಹೂಳುಬಯಲು ಎನ್ನುತ್ತೇವೆ. ಬೇರೆ ನೆಲ ಇಲ್ಲದವರು ಅಲ್ಲಿ ಬಂದು ನೆಲೆ ನಿಂತರು. ಹೂಳು ಮೃದು, ಅಗೆಯಲು ಸುಲಭ, ಹಗೇವು ತೋಡಬಹುದು. ಬಳ್ಳಾರಿ ಜಾಲಿ ಒಂದೇ ಗಿಡ ಅಲ್ಲಿ ತಾನಾಗಿ ಬೆಳೆಯುತ್ತಿತ್ತು. ಅದರ ಕಾಯಿ ಕುಟ್ಟಿ ಹಿಟ್ಟು ಮಾಡಿ ರೊಟ್ಟಿ ಬಡಿಯುತ್ತಿದ್ದೆವು. ಆ ರೊಟ್ಟಿಗೆ ಒಂದು ಬಗೆಯ ಸಿಹಿ ಇರುತ್ತದೆ. ಮೂರು ದಿನಕ್ಕೆ ಆ ಸಿಹಿ ಸಾಕಾಗಿ ಬಿಡುತ್ತದೆ, ಆಮೇಲೆ ಜೀವನಪೂರ್ತಿ ಅದೇ. ಹೂಳನ್ನು ಚೀಲಕ್ಕೆ ತುಂಬಿ ನೆರಳೂರುಗಳ ತೋಟಗಳಿಗೆ ಕಳಿಸುವುದು ನಮ್ಮ ಕಸುಬು. ನೆರಳೂರು ಎಂದರೆ ಮೇಲೆ ಪೂರ್ತಿ ಹೊದಿಕೆ ಇರುವ ಪಟ್ಟಣ. ಅಲ್ಲಿನ ಜನ ಮಧ್ಯಾಹ್ನವೂ ಬೀದಿಯಲ್ಲಿ ಓಡಾಡುತ್ತಾರೆ. ನಾವು ಮುಂಜಾನೆ ದುಡಿದು, ಬಿಸಿಲೇರಿದ ಕೂಡಲೇ ಹಗೇವಿನೊಳಗೆ ಇಳಿದು ಮುಚ್ಚಳ ಎಳೆದುಕೊಂಡು, ಸಂಜೆ ಮತ್ತೆ ಮೇಲೆ ಬರುತ್ತಿದ್ದೆವು. ನಡುವಿನ ಹೊತ್ತಿಗೆ ಉರಿಹೊತ್ತು ಎಂದು ಹೆಸರು. ಉರಿಹೊತ್ತಿನಲ್ಲಿ ಹಗೇವಿನ ಕತ್ತಲೆಯೊಳಗೆ ಕೂತು ಹೆಂಗಸರು ಹಳೆ ಬಟ್ಟೆಯ ಕೌದಿ ಹೊಲಿಯುತ್ತಿದ್ದರು, ಬೆರಳಿಗೇ ಕಣ್ಣು ಬಂದಿರುತ್ತಿತ್ತು.

ನನ್ನ ಅಣ್ಣ ಈರಬಸಪ್ಪ ಹಗೇವು ತೋಡುವವನು. ನಡುಹೂಳದ ಅರ್ಧಕ್ಕಿಂತ ಹೆಚ್ಚು ಹಗೇವುಗಳು ಅವನ ಕೈಯವು. ಎತ್ತರದ ಆಳು, ಸದಾ ತಲೆ ಬಗ್ಗಿಸಿ ನಡೆಯುವ ಅಭ್ಯಾಸ, ಮೇಲೆ ಬಯಲಿನಲ್ಲಿದ್ದಾಗಲೂ. ಅವನ ಹೆಂಡತಿ ಶಾವಂತ್ರವ್ವ, ನನ್ನ ವೈನಿ, ಹೂಳಿನ ಧೂಳು ಕುಡಿದು ಕುಡಿದು ಉಸಿರಿನ ಬೇನೆ ಹಚ್ಚಿಕೊಂಡಿದ್ದಳು. ನನ್ನ ಗಂಡ ಮದುವೆಯಾದ ಎರಡನೇ ವರ್ಷ ತೀರಿಕೊಂಡ ಮೇಲೆ ನಾನು ಅವರ ಜೊತೆಗೇ ಇದ್ದೆ. ಅವರಿಗೆ ಮಕ್ಕಳಿರಲಿಲ್ಲ. ನಾವು ಮೂವರೂ ಒಂದೇ ಹಗೇವಿನಲ್ಲಿ ಒಬ್ಬರ ಮೊಣಕಾಲಿಗೆ ಒಬ್ಬರ ಮೊಣಕಾಲು ತಾಗಿಸಿ ಕೂರುತ್ತಿದ್ದೆವು.

ನಾನು ಹೇಳಬೇಕೆಂದಿರುವುದು ನನಗೆ ಮೂವತ್ತರ ಸುಮಾರು ವಯಸ್ಸಿದ್ದಾಗ ನಡೆದದ್ದು. ಆ ವರ್ಷ ಅಣ್ಣ ಊರು ಬಿಡುವುದೆಂದು ತೀರ್ಮಾನಿಸಿದ್ದ. ದಕ್ಷಿಣದ ಬೆಟ್ಟಗಳ ಆಚೆ ತಂಪು ಸೀಮೆ ಇತ್ತು. ಅವರು ದುಡಿಯುವ ಕೈಗಳನ್ನು ಇನ್ನೂ ಒಳಗೆ ಬಿಟ್ಟುಕೊಳ್ಳುತ್ತಿದ್ದರು, ಆದರೆ ಗಡಿ ಮುಚ್ಚುವ ಮಾತು ಗಾಳಿಯಲ್ಲಿತ್ತು. ಅಣ್ಣನ ಮಾತಿನ ಮೇಲೆ ಇನ್ನೂ ಏಳು ಮನೆಯವರು ಹೊರಟು ನಿಂತಿದ್ದರು. ತಳ್ಳುಗಾಡಿಗಳಿಗೆ ಕೌದಿ, ಹಿಟ್ಟು, ನೀರಿನ ತೊಗಲುಚೀಲ ಎಲ್ಲ ಏರಿತ್ತು. ಅಣ್ಣನಿಗೆ ಇದ್ದದ್ದು ಒಂದೇ ಚಿಂತೆ, ವೈನಿ ಅಷ್ಟು ದೂರ ನಡೆದಾಳೋ ಇಲ್ಲವೋ ಎಂಬುದು. ಅವಳನ್ನು ಗಾಡಿಯ ಮೇಲೆ ಕೂರಿಸಿ ತಳ್ಳುತ್ತೇನೆ ಎಂದು ಹೇಳುತ್ತಿದ್ದ. ಹೇಳುವಾಗ ನನ್ನ ಮುಖ ನೋಡುತ್ತಿರಲಿಲ್ಲ.

ಆ ವಾರವೇ ಮೊದಲೆಣಿಕೆಯವರು ಬಂದರು.

ಮೊದಲೆಣಿಕೆ ನಿಮಗೆ ಗೊತ್ತಿರುವ ಕೆಲಸವೇ. ಒಂದು ಯೋಜನೆ ಊರನ್ನು ಮುಟ್ಟುವ ಮೊದಲು ಆ ಊರು ಹೇಗಿತ್ತು ಎಂದು ಬರೆದಿಟ್ಟುಕೊಳ್ಳುವುದು. ಯೋಜನೆ ಮುಗಿದ ಮೇಲೆ ಮತ್ತೆ ಬಂದು ಏನು ಬದಲಾಯಿತು ಎಂದು ನೋಡುವುದು. ನೀವು ಅದನ್ನು ಮೂಲಸ್ಥಿತಿ ಸಮೀಕ್ಷೆ ಎನ್ನುತ್ತಿದ್ದಿರಿ ಎಂದು ಓದಿದ್ದೇನೆ. ನಮ್ಮಲ್ಲಿಗೆ ಬಂದ ತಂಡದ ಮುಖ್ಯಸ್ಥೆ ಸುನೀತಿ ಎಂಬ ಹೆಣ್ಣುಮಗಳು. ನೆರಳೂರಿನಲ್ಲಿ ಹುಟ್ಟಿ ಬೆಳೆದವಳು, ಬಿಸಿಲು ತಾಗದ ಮೈಬಣ್ಣ. ಮೊದಲ ದಿನ ಹಗೇವಿನೊಳಗೆ ಇಳಿಯುವಾಗ ಹೆದರಿದ್ದಳು, ಆದರೂ ಇಳಿದಳು. ಉಳಿದವರು ಮುಚ್ಚಳದ ಬಳಿ ನಿಂತು ಕೂಗಿ ಕೇಳುತ್ತಿದ್ದರೆ ಇವಳು ನಮ್ಮ ಜೊತೆ ತಳದಲ್ಲಿ ಕೂತು ಕೇಳಿದಳು. ಛಾವಣಿ ಯಾವುದರದ್ದು, ಕುಡಿಯುವ ನೀರು ಎಲ್ಲಿಂದ, ಕಳೆದ ತಿಂಗಳಲ್ಲಿ ಯಾರಾದರೂ ಊಟವಿಲ್ಲದೆ ಮಲಗಿದ್ದುಂಟೇ, ಕಷ್ಟ ಬಂದರೆ ಯಾರ ಬಳಿ ಹೋಗುತ್ತೀರಿ. ವೈನಿಯ ಎದೆಗೆ ಕೊಳವೆ ಇಟ್ಟು ಉಸಿರು ಅಳೆದುಕೊಂಡಳು. ನಮ್ಮ ಉಸಿರನ್ನು ಅಳೆಯುವಷ್ಟು ಮುಖ್ಯವೆಂದು ಅದುವರೆಗೆ ಯಾರೂ ತಿಳಿದಿರಲಿಲ್ಲ. ವೈನಿ ಎರಡು ದಿನ ಅದನ್ನೇ ಹೇಳಿಕೊಂಡು ಓಡಾಡಿದಳು.

ಕೊನೆಯಲ್ಲಿ ಒಂದು ಪ್ರಶ್ನೆ ಇತ್ತು. ಹತ್ತು ಮೆಟ್ಟಿಲಿನ ಏಣಿ ಇದೆ ಎಂದುಕೊಳ್ಳಿ, ತೀರಾ ಒಳ್ಳೆಯ ಬದುಕು ಮೇಲಿನ ಮೆಟ್ಟಿಲು, ತೀರಾ ಕೆಟ್ಟದ್ದು ಕೆಳಗಿನದು, ನೀವು ಈಗ ಯಾವ ಮೆಟ್ಟಿಲ ಮೇಲೆ ನಿಂತಿದ್ದೀರಿ ಎಂದು ಕೇಳಿದಳು. ಅಣ್ಣ ಹಗೇವಿನ ಏಣಿಯನ್ನು ತಟ್ಟಿ ಹೇಳಿದ.

"ನಮ್ಮ ಕಡೆ ಏಣಿ ಇಳಿಯಾಕ ಇರತೈತ್ರಿ ಅಕ್ಕಾರ. ತಳದಾಗ ಇದ್ದಾವ ಬದಕತಾನ, ಮ್ಯಾಲ ನಿಂತಾವ ಸಾಯತಾನ. ನೀವು ಹೆಂಗ ಬರಕೋತೀರೋ ಹಂಗ ಬರಕೋರಿ."

ಸುನೀತಿ ನಕ್ಕಳು, ಅಣ್ಣನೂ ನಕ್ಕ. ಕತ್ತಲೆಯಲ್ಲಿ ನಾವು ನಾಲ್ವರೂ ನಕ್ಕೆವು. ಆಮೇಲೆ ಅವಳು ಮತ್ತೊಮ್ಮೆ ಬಿಡಿಸಿ ಹೇಳಿದಳು, ಅಣ್ಣ ಮೂರನೆಯ ಮೆಟ್ಟಿಲು ಎಂದ.

ಸುದ್ದಿ ಸಂಜೆಯೊಳಗೆ ಊರಿಡೀ ಹಬ್ಬಿತು. ಎಣಿಕೆಯವರು ಬಂದಿದ್ದಾರೆ ಎಂದರೆ ಚಪ್ಪರ ಬರುತ್ತದೆ. ಚಪ್ಪರ ಎಂದರೆ ನಿಮ್ಮ ಮದುವೆಯ ಚಪ್ಪರವಲ್ಲ; ಊರಿನ ಮೇಲೆ ಹೊದಿಸುವ ದಪ್ಪನೆಯ ಬಿಳಿ ಹೊದಿಕೆ. ಅದರ ಎಳೆಗಳೊಳಗೆ ತಣ್ಣೀರು ಹರಿಯುತ್ತದೆ, ಕೆಳಗಿನ ಗಾಳಿ ತಂಪಾಗುತ್ತದೆ. ನೆರಳೂರುಗಳಿಗೆ ಮಾತ್ರ ಇದ್ದ ಅದನ್ನು ಬಡವರ ಊರುಗಳಿಗೂ ಹಾಕಿ ನೋಡುವ ಯೋಜನೆ ಅದು. ಹೊರಟು ನಿಂತಿದ್ದ ಏಳು ಮನೆಯವರೂ ಅಣ್ಣನ ಹತ್ತಿರ ಬಂದು ಕೂತರು. ಹೋಗುವುದೋ ಇರುವುದೋ ಎಂದು ಕೇಳಿದರು. ಅಣ್ಣ ಸುನೀತಿ ಇಳಿದುಕೊಂಡಿದ್ದ ಡೇರೆಗೆ ಹೋದ, ನಾನೂ ಜೊತೆಗಿದ್ದೆ.

"ಚಪ್ಪರ ಬರತೈತೇನ್ರಿ, ಬರೂದಿಲ್ಲೇನ್ರಿ? ಒಂದ ಮಾತ ಹೇಳ್ರಿ. ಗಾಡಿ ಕಟ್ಟಿ ನಿಂತೀವಿ."

"ನಂಗೆ ಗೊತ್ತಿಲ್ಲ ಅಣ್ಣ," ಎಂದಳು ಸುನೀತಿ. "ಯಾವ ಊರಿಗೆ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ. ನಾವು ಭರವಸೆ ಕೊಡೋ ಹಾಗೂ ಇಲ್ಲ."

ಅವಳು ಸುಳ್ಳು ಹೇಳಲಿಲ್ಲ. ಅಂದು ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಪ್ರಶ್ನೆ ಕೇಳುವ ಮುಂಚೆಯೂ ಅವಳು ಅದನ್ನೇ ಓದಿ ಹೇಳಿದ್ದಳು: ಇದರಿಂದ ನಿಮಗೆ ಲಾಭವಾಗುತ್ತದೆಂದು ನಾವು ಹೇಳುವುದಿಲ್ಲ, ಇಷ್ಟವಿಲ್ಲದಿದ್ದರೆ ಉತ್ತರಿಸಬೇಕಾಗಿಲ್ಲ. ಆದರೆ ನಮ್ಮ ಜನ ಅದನ್ನು ಬೇರೆ ರೀತಿ ಕೇಳಿಸಿಕೊಂಡರು. ಹೆಣ್ಣು ನೋಡಲು ಬಂದವರು ಮೊದಲ ದಿನವೇ ಒಪ್ಪಿಗೆ ಎನ್ನುವುದಿಲ್ಲ, ಊರಿಗೆ ಹೋಗಿ ತಿಳಿಸುತ್ತೇವೆ ಎನ್ನುತ್ತಾರೆ. ಇದೂ ಹಾಗೆಯೇ ಎಂದರು. ಕೊಡುವ ಮನಸ್ಸಿಲ್ಲದವರು ಇಷ್ಟೆಲ್ಲ ಯಾಕೆ ಕೇಳುತ್ತಾರೆ, ಉಸಿರು ಯಾಕೆ ಅಳೆಯುತ್ತಾರೆ? ಅಣ್ಣ ಒಂದು ರಾತ್ರಿ ಕಳೆದು ತನ್ನ ಗಾಡಿಯ ಹಗ್ಗ ಬಿಚ್ಚಿದ. ಅವನು ಬಿಚ್ಚಿದ್ದನ್ನು ನೋಡಿ ಉಳಿದ ಏಳು ಮನೆಯವರೂ ಬಿಚ್ಚಿದರು. ವೈನಿ ಗಾಡಿಯಿಂದ ರೊಟ್ಟಿಯ ಹಂಚನ್ನು ಇಳಿಸಿ ಒಲೆಯ ಮೇಲೆ ಇಟ್ಟಳು. ನಡೆಯದೆ ಉಳಿದೆನಲ್ಲ ಎಂಬ ಸಮಾಧಾನ ಅವಳ ಬೆನ್ನಿನಲ್ಲೇ ಕಾಣುತ್ತಿತ್ತು.

ಮುಂದಿನ ವರ್ಷ ಚಪ್ಪರ ಏಳಲು ಶುರುವಾಯಿತು. ಹೂಳುಬಯಲಿನ ಆಚೆ ತುದಿಯಲ್ಲಿ, ಹಳೆಯ ಅಣೆಕಟ್ಟಿನ ತುಕ್ಕು ಹಿಡಿದ ಬಾಗಿಲುಗಳ ಬಳಿ ಗೇಟಿನಕೇರಿ ಎಂಬ ಊರಿತ್ತು. ನಮ್ಮಷ್ಟೇ ಜನ, ನಮ್ಮಂಥದೇ ಹಗೇವುಗಳು, ನಮ್ಮ ಹೆಣ್ಣುಮಕ್ಕಳನ್ನು ಕೊಟ್ಟು ತಂದ ಊರು. ಅದರ ಮೇಲೆ ಬಿಳಿಯ ಹೊದಿಕೆ ಒಂದೊಂದೇ ಕಂಬ ಹಿಡಿದು ಮೇಲೇರುವುದು ನಮಗೆ ಇಲ್ಲಿಂದ ಕಾಣುತ್ತಿತ್ತು. ಅಲ್ಲಿ ಮುಗಿಸಿಕೊಂಡು ಇಲ್ಲಿಗೆ ಬರುತ್ತಾರೆ ಎಂದು ಎಲ್ಲರೂ ಅಂದುಕೊಂಡರು. ಅಣ್ಣ ಕಂಬ ನೆಡಲು ಅನುಕೂಲವಾಗಲೆಂದು ಊರ ನಡುವಿನ ಜಾಲಿ ಕಡಿಸಿ ಜಾಗ ಹಸನು ಮಾಡಿಸಿದ. ಆ ಬೇಸಿಗೆಯಲ್ಲಿ ತಂಪು ಸೀಮೆಯವರು ಗಡಿ ಮುಚ್ಚಿದರು.

ವೈನಿಯ ಉಸಿರು ಕೆಡುತ್ತಾ ಹೋಯಿತು. ಗೇಟಿನಕೇರಿಯ ಚಪ್ಪರದ ಕೆಳಗೆ ಹೊರಗಿನವರನ್ನೂ ಇರಗೊಡುತ್ತಾರೆ, ದೂರದ ಹಳ್ಳಿಗಳಿಂದ ಎಷ್ಟೋ ಜನ ಹೋಗಿ ಸೇರಿದ್ದಾರೆ ಎಂದು ಕೇಳಿ, ಅಣ್ಣ ಅವಳನ್ನು ಗಾಡಿಯ ಮೇಲೆ ಕೂರಿಸಿಕೊಂಡು ಮುಂಜಾನೆ ಹೊರಟ. ನಾನು ಹಿಂದಿನಿಂದ ತಳ್ಳಿದೆ. ಬಾಗಿಲ ಕಾವಲಿಗೆ ನಮ್ಮ ದೊಡ್ಡಮ್ಮನ ಮೊಮ್ಮಗನ ಗೆಳೆಯನೊಬ್ಬನಿದ್ದ, ಪರಿಚಯದವನೇ. ಅಣ್ಣನನ್ನು ಕಂಡು ಎದ್ದು ನಿಂತ. ಊರ ಹೆಸರು ಕೇಳಲೇಬೇಕಾದ್ದರಿಂದ ಕೇಳಿದ. ಅಣ್ಣ ನಡುಹೂಳ ಎಂದ. ಆತ ಬಾಗಿಲು ತೆಗೆಯಲಿಲ್ಲ.

"ಬ್ಯಾರೆ ಯಾ ಊರಾದ್ರೂ ಬಿಡತೀನಿ ಕಾಕಾ. ನಿಮ್ಮ ಊರವರನ್ನ ಮಾತ್ರ ಬಿಡಬ್ಯಾಡ ಅಂದಾರ. ನಿಮ್ಮದು ಹೋಲಿಕಿ ಊರಂತ."

ಹೋಲಿಕೆ ಊರು ಎಂದರೇನೆಂದು ಅವನಿಗೂ ಗೊತ್ತಿರಲಿಲ್ಲ. ಬಾಗಿಲ ಸಂದಿಯಿಂದ ತಣ್ಣನೆಯ ಗಾಳಿ ಬರುತ್ತಿತ್ತು. ವೈನಿ ಆ ಸಂದಿಗೆ ಮುಖ ಒಡ್ಡಿ ಸ್ವಲ್ಪ ಹೊತ್ತು ಕೂತಳು. ಉರಿಹೊತ್ತಿಗೆ ಮೊದಲು ಹಿಂದಿರುಗಬೇಕಾಗಿದ್ದರಿಂದ ನಾವು ಗಾಡಿ ತಿರುಗಿಸಿದೆವು.

ನಡುವೆಣಿಕೆಗೆ, ಎಂದರೆ ಎರಡನೆಯ ಸುತ್ತಿನ ಸಮೀಕ್ಷೆಗೆ, ಸುನೀತಿ ಮತ್ತೆ ಬಂದಳು. ಬಡವಾಗಿದ್ದಳು. ನಮ್ಮ ಹಗೇವಿನೊಳಗೆ ಇಳಿದು ಅದೇ ಜಾಗದಲ್ಲಿ ಕೂತಳು, ಆದರೆ ಪ್ರಶ್ನೆ ಶುರು ಮಾಡಲಿಲ್ಲ. ಅಣ್ಣನೇ ಕೇಳಿದ, ಹೋಲಿಕೆ ಊರು ಎಂದರೆ ಏನು ಎಂದು. ಹೇಳುವುದು ಅವಳ ಕೆಲಸದ ಕಟ್ಟಳೆಗೆ ವಿರುದ್ಧವಾಗಿತ್ತು. ಅವಳು ಹೇಳಿದಳು.

"ಎರಡೂ ಊರಿನ ಹೆಸರು ಬರೆದು ಚೀಟಿ ಎತ್ತಿದರು ಅಣ್ಣ. ಗೇಟಿನಕೇರಿ ಬಂತು. ಚಪ್ಪರ ಇಲ್ಲದೆ ಹೋದ್ರೆ ಏನಾಗುತ್ತೆ ಅಂತ ಗೊತ್ತಾಗೋಕೆ ಇನ್ನೊಂದು ಊರು ಹಾಗೇ ಇರಬೇಕು. ಅದು ನಿಮ್ಮದು."

ಅಣ್ಣನ ಕೈ ಹಗೇವಿನ ಗೋಡೆಯ ಮೇಲಿತ್ತು. ತಾನೇ ತೋಡಿದ ಗೋಡೆ. ಅದನ್ನು ಸವರುತ್ತಾ ಕೂತ. ಅವನಿಗೆ ಸಿಟ್ಟು ಬರಲೆಂದು ನಾನು ಕಾದೆ. ಬರಲಿಲ್ಲ.

"ಏನಾಗತೈತಿ ಅನ್ನೂದ ನಾವ ಹೇಳತಿದ್ವಲ್ರೀ," ಎಂದ. "ಕೇಳಿದ್ರ ಹೇಳತಿದ್ವಿ. ಅದನ್ನ ನೋಡೂದ ಯಾಕ ಬೇಕಾಗಿತ್ತು?"

ಸುನೀತಿ ಈ ಊರಿಗೂ ಚಪ್ಪರ ಕೊಡಿ, ಇಲ್ಲವೇ ಇವರನ್ನು ಒಳಗೆ ಬಿಡಿ ಎಂದು ಮೇಲಿನವರಿಗೆ ಬರೆದಿದ್ದಳಂತೆ. ಹಾಗೆ ಮಾಡಿದರೆ ಹೋಲಿಕೆ ಕೆಡುತ್ತದೆ, ಹೋಲಿಕೆ ಕೆಟ್ಟರೆ ಚಪ್ಪರದಿಂದ ಒಳ್ಳೆಯದಾಯಿತೆಂದು ಸಾಧಿಸಲಾಗದು, ಸಾಧಿಸದಿದ್ದರೆ ಮುಂದಿನ ನೂರು ಊರುಗಳಿಗೆ ಅದು ಸಿಗುವುದಿಲ್ಲ ಎಂದು ಉತ್ತರ ಬಂದಿತ್ತು. ಅದನ್ನು ಬರೆದವರು ದುಷ್ಟರಲ್ಲ ಎಂದು ಅವಳು ನನಗೆ ಎಷ್ಟೋ ವರ್ಷಗಳ ನಂತರ ಹೇಳಿದಳು. ನನಗೂ ಹಾಗೆಯೇ ಅನಿಸುತ್ತದೆ. ಅದೇ ನನ್ನನ್ನು ಹೆಚ್ಚು ಹೆದರಿಸುತ್ತದೆ.

ಅವಳ ಕೈಯಲ್ಲಿ ಸಾಧ್ಯವಿದ್ದದ್ದು ಒಂದೇ. ಯಾವ ಎಣಿಕೆಯಲ್ಲಾದರೂ ಒಂದೆರಡು ಮನೆ ಕೈತಪ್ಪುತ್ತವೆ: ಊರು ಬಿಟ್ಟವರು, ಸಿಗದವರು. ನಮ್ಮ ಮನೆಯನ್ನು ಊರು ಬಿಟ್ಟವರೆಂದು ಬರೆದು, ನಮ್ಮ ಮೂವರನ್ನೂ ತನ್ನ ಗಾಡಿಯಲ್ಲಿ ಗೇಟಿನಕೇರಿಯೊಳಗೆ ಕರೆದೊಯ್ಯುತ್ತೇನೆ ಎಂದಳು. ಹೆಚ್ಚು ಮನೆಗಳಾದರೆ ಮೇಲಿನವರು ಬಂದು ವಿಚಾರಿಸುತ್ತಾರೆ, ಎಲ್ಲರನ್ನೂ ಹೊರಗಟ್ಟುತ್ತಾರೆ. ಒಂದೇ ಮನೆ ಸಾಧ್ಯ. ವೈನಿಯ ಉಸಿರನ್ನು ಅಳೆದವಳು ಅವಳು. ಇನ್ನೊಂದು ಬೇಸಿಗೆ ತಡೆಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಅಣ್ಣ ಒಪ್ಪಿದ. ನಮ್ಮಿಬ್ಬರ ಬಟ್ಟೆಯ ಗಂಟನ್ನು ತಾನೇ ಕಟ್ಟಿದ, ಗಾಡಿಗೆ ತಾನೇ ಇಟ್ಟ. ತನ್ನದನ್ನು ಕಟ್ಟಲಿಲ್ಲ. ನೀನು ಯಾವಾಗ ಬರುತ್ತೀ ಎಂದು ಕೇಳಿದೆ.

"ಏಳು ಮನಿಯವರು ನನ್ನ ನೋಡಿ ಗಾಡಿ ಬಿಚ್ಯಾರ, ದಾಕ್ಷಾ. ನಾ ಹೆಂಗ ಏರಲಿ ಈ ಗಾಡಿ?"

ವೈನಿ ಇಳಿಯಲು ನೋಡಿದಳು. ಅಣ್ಣ ಅವಳ ಭುಜ ಹಿಡಿದು ಕೂರಿಸಿ, ನೀನು ಉಸಿರಾಡಿಕೊಂಡು ಇರು, ಅಷ್ಟು ಮಾಡಿದರೆ ಸಾಕು ಎಂದ. ಅವನು ಅವಳೊಂದಿಗೆ ಹೊರಗೆ ಎಲ್ಲರ ಮುಂದೆ ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಮೊದಲು ಕಂಡಿರಲಿಲ್ಲ. ಏಳು ಮನೆಯ ಹೆಂಗಸರು ನಿಂತು ನಮ್ಮನ್ನು ಕಳಿಸಿಕೊಟ್ಟರು. ಯಾರೂ ಕೆಟ್ಟ ಮಾತಾಡಲಿಲ್ಲ. ಒಬ್ಬಳು ವೈನಿಯ ಸೆರಗಿಗೆ ಜಾಲಿ ಹಿಟ್ಟಿನ ರೊಟ್ಟಿ ಕಟ್ಟಿದಳು.

ಚಪ್ಪರದ ಕೆಳಗಿನ ಬದುಕನ್ನು ಹೇಗೆ ಹೇಳಲಿ? ಮಧ್ಯಾಹ್ನ ಎಂಬುದನ್ನು ನಾನು ಮೊದಲ ಬಾರಿಗೆ ನೋಡಿದೆ. ಬಿಳಿಯ ಹೊದಿಕೆಯ ಮೂಲಕ ಇಳಿದ ಬೆಳಕಿನಲ್ಲಿ ಜನ ಜಗುಲಿಯ ಮೇಲೆ ಕೂತು ಮಾತಾಡುತ್ತಿದ್ದರು, ಮಕ್ಕಳು ಉರಿಹೊತ್ತಿನಲ್ಲೇ ಓಡುತ್ತಿದ್ದರು. ಸೊಪ್ಪು ಬೆಳೆದಿದ್ದರು. ವೈನಿ ತಿಂಗಳೊಪ್ಪತ್ತಿನಲ್ಲಿ ಮೆಟ್ಟಿಲು ಹತ್ತುವಷ್ಟು ಸುಧಾರಿಸಿದಳು. ದಿನವೂ ಸಂಜೆ ನಾವಿಬ್ಬರೂ ಬಾಗಿಲ ಬಳಿ ಹೋಗಿ ನಡುಹೂಳದ ಕಡೆ ನೋಡುತ್ತಿದ್ದೆವು. ಒಲೆಯ ಹೊಗೆ ಕಂಡರೆ ಹಿಂದಿರುಗುತ್ತಿದ್ದೆವು.

ಆ ವರ್ಷದ ವೈಶಾಖದಲ್ಲಿ ಬೆವರುಗಾಳಿ ಬಂತು. ಅದು ಒಣ ಬಿಸಿಯಲ್ಲ. ಕಡಲಿನ ಕಡೆಯಿಂದ ತೇವ ಹೊತ್ತು ಬಂದು ನಿಂತುಬಿಡುವ ಬಿಸಿ; ಅದರಲ್ಲಿ ಮೈಯ ಬೆವರು ಆರುವುದಿಲ್ಲ, ಮೈ ತನ್ನ ಕಾವನ್ನು ತಾನೇ ಹೊರಗೆ ಹಾಕಲಾರದು. ನೆರಳಿದ್ದರೂ ಪ್ರಯೋಜನವಿಲ್ಲ, ನೀರು ಕುಡಿದರೂ ಇಲ್ಲ. ಹಗೇವಿನೊಳಗೆ ಅದು ನೀರಿನಂತೆ ಇಳಿದು ತುಂಬಿಕೊಳ್ಳುತ್ತದೆ. ನಾಲ್ಕು ದಿನ ಬೀಸದೆ ಕದಲದೆ ನಿಂತಿತ್ತು. ಬಾಗಿಲು ತೆಗೆದರೆ ಒಳಗಿನವರೂ ಸಾಯುತ್ತಾರೆಂದು ಚಪ್ಪರದ ಬಾಗಿಲುಗಳನ್ನು ಬಿಗಿದು ಮುಚ್ಚಿದರು. ವೈನಿ ಬಾಗಿಲಿಗೆ ಬೆನ್ನು ಕೊಟ್ಟು ಕೂತಳು, ಏಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ಗಾಳಿ ಸರಿದ ಮೇಲೆ ನಾವು ನಡೆದು ಹೋದೆವು. ವೈನಿ ಪೂರ್ತಿ ದಾರಿ ತನ್ನ ಕಾಲಿನ ಮೇಲೆ ನಡೆದಳು. ನಡುಹೂಳದಲ್ಲಿ ಎಲ್ಲ ಹಗೇವುಗಳ ಮುಚ್ಚಳವೂ ತೆರೆದಿತ್ತು. ಒಳಗೆ ಉಸಿರುಕಟ್ಟಿ ಮೇಲೆ ಬಂದವರು, ಮೇಲಿನ ಉರಿ ತಾಳದೆ ಮತ್ತೆ ಇಳಿದವರು, ನಡುವೆ ಏಣಿಯ ಮೇಲೇ ನಿಂತುಹೋದವರು. ಅಣ್ಣ ಚಪ್ಪರದ ಕಂಬಕ್ಕೆಂದು ಹಸನು ಮಾಡಿಸಿದ್ದ ಬಯಲಿನಲ್ಲಿ ಮುದುಕರನ್ನೂ ಮಕ್ಕಳನ್ನೂ ಸಾಲಾಗಿ ಮಲಗಿಸಿ, ಕೌದಿಗಳನ್ನು ಕಟ್ಟಿ ನೆರಳು ಮಾಡಿ, ನೀರು ಚಿಮುಕಿಸುತ್ತಿದ್ದನಂತೆ. ಉಳಿದ ಕೆಲವರು ಹೇಳಿದರು. ಕೊನೆಯ ದಿನದವರೆಗೂ ಅವನು ಒಂದು ಹಗೇವಿನಿಂದ ಇನ್ನೊಂದಕ್ಕೆ ಹೋಗಿ ಜನರನ್ನು ಮೇಲೆತ್ತುತ್ತಿದ್ದ. ಹಾಗೆ ಎತ್ತುತ್ತಿದ್ದಾಗಲೇ ಒಂದು ಹಗೇವಿನ ಬಾಯಿಯ ಬಳಿ ಕುಸಿದಿದ್ದ. ವೈನಿ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂದಲಿನ ಹೂಳನ್ನು ಬೆರಳಿನಿಂದ ಬಿಡಿಸಿದಳು. ಏಳು ಮನೆಗಳಲ್ಲಿ ಎರಡು ಮನೆಯವರು ಮಾತ್ರ ಪೂರ್ತಿ ಉಳಿದಿದ್ದರು. ಅವರು ನಮ್ಮನ್ನು ನೋಡಿ, ನೀವಾದರೂ ಉಳಿದಿರಲ್ಲ ಎಂದರು. ಅವರು ಅದನ್ನು ಮನಸಾರೆ ಹೇಳಿದರು. ಅದಕ್ಕಿಂತ ಭಾರವಾದ ಮಾತು ನಾನು ಕೇಳಿಲ್ಲ.

ಕೊನೆಯೆಣಿಕೆಗೆ ಸುನೀತಿ ಬರಲಿಲ್ಲ, ಬೇರೆಯವರು ಬಂದರು. ನಡುಹೂಳದಲ್ಲಿ ಉಳಿದವರನ್ನೂ ಗೇಟಿನಕೇರಿಯವರನ್ನೂ ಕೇಳಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರು. ಎರಡರ ನಡುವಿನ ಅಂತರ ಯಾರೂ ಊಹಿಸಿದ್ದಕ್ಕಿಂತ ದೊಡ್ಡದಾಗಿತ್ತು. ಚಪ್ಪರ ಅಷ್ಟು ಒಳ್ಳೆಯದು ಮಾಡಿದೆ ಎಂದು ಸಾಧಿತವಾಯಿತು. ಗೇಟಿನಕೇರಿಯಲ್ಲಿ ಸಿಹಿ ಹಂಚಿದರು, ದೊಡ್ಡವರು ಬಂದು ಮಾತಾಡಿದರು. ಆಮೇಲೆ ಚಪ್ಪರಗಳು ಬೇರೆ ಬೇರೆ ಸೀಮೆಗಳಲ್ಲೂ ಎದ್ದವು, ಅವುಗಳ ಕೆಳಗೆ ಎಷ್ಟೋ ಜನ ಬದುಕಿದರು. ಇದನ್ನು ನಾನು ಮುಚ್ಚಿಡುವುದಿಲ್ಲ. ನಾನು ಬದುಕಿರುವುದೂ ಅದರಿಂದಲೇ. ಪ್ರತಿಯೊಂದು ಸೀಮೆಯಲ್ಲೂ ಅಲ್ಲಿನದೇ ಒಂದು ಹೋಲಿಕೆಯ ಊರು ಇತ್ತು ಎಂಬುದನ್ನೂ ಮುಚ್ಚಿಡುವುದಿಲ್ಲ. ಒಮ್ಮೆ ಗೊತ್ತಾದದ್ದನ್ನು ಪ್ರತಿ ಬಾರಿಯೂ ಹೊಸದಾಗಿ ತಿಳಿಯಬೇಕಾಗಿತ್ತಂತೆ. ಪ್ರತಿ ನೆಲವೂ ಬೇರೆಯಂತೆ.

ವೈನಿ ಆಮೇಲೆ ಬಹಳ ಕಾಲ ಇದ್ದಳು. ಎಣಿಕೆಯವರು ಬಂದು ಮನೆಯಲ್ಲಿ ಎಷ್ಟು ಜನ ಎಂದು ಕೇಳಿದಾಗಲೆಲ್ಲ ಮೂವರು ಎನ್ನುತ್ತಿದ್ದಳು. ಅವರು ಇಬ್ಬರನ್ನು ನೋಡಿ, ಇನ್ನೊಬ್ಬರೆಲ್ಲಿ ಎಂದರೆ, ಆಚೆ ಊರಿನಲ್ಲಿದ್ದಾರೆ ಎಂದು ಕೈ ತೋರಿಸುತ್ತಿದ್ದಳು. ಅವರು ಅದಕ್ಕೂ ಒಂದು ಗುರುತು ಹಾಕಿಕೊಂಡು ಮುಂದಿನ ಪ್ರಶ್ನೆಗೆ ಹೋಗುತ್ತಿದ್ದರು.

ಸುನೀತಿ ಆ ಕೆಲಸ ಬಿಟ್ಟು ಗೇಟಿನಕೇರಿಯ ಶಾಲೆಗೆ ಬಂದು ನೆಲೆಸಿದಳು. ನನಗೆ ಬರೆಯಲು ಕಲಿಸಿದವಳು ಅವಳೇ. ತಾನು ಕೇಳುತ್ತಿದ್ದ ಪ್ರಶ್ನೆಗಳು ತನ್ನ ಕಾಲದವಲ್ಲ, ನಿಮ್ಮ ಕಾಲದವು ಎಂದು ತೋರಿಸಿದವಳೂ ಅವಳೇ. ಛಾವಣಿ, ನೀರು, ಊಟವಿಲ್ಲದೆ ಮಲಗಿದ ದಿನ, ಏಣಿಯೂ ನಿಮ್ಮದೇ. ಒಂದು ಪದವೂ ಬದಲಾಗದೆ ನಮ್ಮವರೆಗೆ ಬಂದಿತ್ತು. ಭರವಸೆ ಕೊಡಬಾರದು ಎಂಬ ಕಟ್ಟಳೆಯೂ ನಿಮ್ಮದಂತೆ, ಜನರಿಗೆ ಮೋಸವಾಗದಿರಲೆಂದು ಮಾಡಿದ್ದಂತೆ. ಹೊಳೆ ಹೋಯಿತು, ಜೋಳ ಹೋಯಿತು, ತಿಂಗಳುಗಳ ಲೆಕ್ಕ ಹೋಯಿತು, ನಿಮ್ಮ ಪ್ರಶ್ನೆಗಳು ಮಾತ್ರ ಉಳಿದವು. ಅದಕ್ಕೇ ಈ ಕಾಗದ ನಿಮಗೆ. ಸುನೀತಿ ಹೋದ ಚಳಿಗಾಲ ತೀರಿಕೊಂಡಳು. ವೈನಿಯ ಪಕ್ಕದಲ್ಲೇ ಮಣ್ಣು ಮಾಡಿದೆವು.

ಈಗ ನಮ್ಮ ಚಪ್ಪರ ಹಳೆಯದಾಗಿದೆ. ಎಳೆಗಳಲ್ಲಿ ನೀರು ಹರಿಯುವುದು ಅಲ್ಲಲ್ಲಿ ನಿಂತಿದೆ; ಹೊದಿಕೆ ಹರಿದ ಕಡೆ ಕೌದಿ ಹಚ್ಚಿದ್ದೇವೆ. ಅದನ್ನು ದುರಸ್ತಿ ಮಾಡಬೇಕಾದವರು ಯಾರೆಂದು ಯಾರಿಗೂ ಗೊತ್ತಿಲ್ಲ, ಏಕೆಂದರೆ ಯೋಜನೆ ಯಶಸ್ವಿಯಾಗಿ ಮುಗಿದಿದೆ. ಜನ ಮತ್ತೆ ಹಗೇವು ತೋಡಲು ಶುರು ಮಾಡಿದ್ದಾರೆ. ಉತ್ತರದ ಗುಡ್ಡಗಳ ಒಳಗೆ ಕೊರೆದು ಊರು ಕಟ್ಟುತ್ತಾರಂತೆ, ದುಡಿಯುವ ವಯಸ್ಸಿನವರು ಹಲವರು ಅತ್ತ ಹೊರಟಿದ್ದಾರೆ. ನಿನ್ನೆ ಮೊದಲೆಣಿಕೆಯವರು ಬಂದು ಇಳಿದರು. ಹೊಸ ಯೋಜನೆ, ಹೊಸ ಪ್ರಾರಂಭ. ಬೆಳಗ್ಗೆ ನೋಡಿದರೆ ಹೊರಟು ನಿಂತವರಲ್ಲಿ ಅರ್ಧದಷ್ಟು ಜನ ಗಂಟು ಬಿಚ್ಚಿದ್ದಾರೆ. ನಾನು ಮನೆಮನೆಗೆ ಹೋಗಿ ನಡುಹೂಳದಲ್ಲಿ ಆದದ್ದನ್ನು ಹೇಳಿದೆ. ಮುದುಕಿ ಏನೋ ಹೇಳುತ್ತಾಳೆ ಎಂದು ಕೇಳಿಸಿಕೊಂಡರು, ಕೂರಿಸಿ ಉಪಚಾರ ಮಾಡಿದರು. ನಮ್ಮ ಹೆಸರು ಯಾವ ಚೀಟಿಯಲ್ಲಿ ಬರುತ್ತದೆಂದು ನನಗೆ ಗೊತ್ತಿಲ್ಲ, ಬಂದವರಿಗೂ ಗೊತ್ತಿಲ್ಲ.

ಕಾಗದ ಹಿಂದಕ್ಕೆ ಹೋಗುವುದಿಲ್ಲ ಎಂದು ನನಗೆ ತಿಳಿಯದೇ ಇಲ್ಲ. ನಾನು ಕೇಳಿಕೊಳ್ಳುವುದನ್ನು ನೀವು ಮಾಡಲಿಲ್ಲ ಎಂಬುದೂ ನನಗೆ ಗೊತ್ತು. ಮಾಡಿದ್ದರೆ ಅದೂ ನಿಮ್ಮ ಪ್ರಶ್ನೆಗಳ ಜೊತೆಗೇ ನಮ್ಮವರೆಗೆ ಬರುತ್ತಿತ್ತು. ಆದರೂ ಕೇಳಿಕೊಳ್ಳುತ್ತೇನೆ. ಕೇಳಬೇಡಿ, ಅಳೆಯಬೇಡಿ ಎನ್ನುವುದಿಲ್ಲ. ನೀವು ಒಂದು ಊರಿಗೆ ಹೋದಾಗ, ಏನನ್ನಾದರೂ ಕೇಳುವ ಮೊದಲು, ಅವರಿಗೆ ಅರ್ಥವಾಗುವ ಮಾತಿನಲ್ಲಿ ಇಷ್ಟು ಹೇಳಿ: ನಾವು ಬಂದಿದ್ದೇವೆ ಎಂದು ನೀವು ಇಲ್ಲಿ ಉಳಿಯಬೇಡಿ. ಹೊರಟವರಿದ್ದರೆ ಹೊರಡಿ. ಇದನ್ನು ಬಾಗಿಲಲ್ಲಿ ನಿಂತೇ ಹೇಳಿ, ಅವರು ನಂಬುವವರೆಗೂ ಹೇಳಿ. ಆಮೇಲೆ ಬೇಕಾದರೆ ಒಳಗೆ ಬಂದು ಕುಳಿತುಕೊಳ್ಳಿ. ಹೊರಡುವ ಅವಸರದಲ್ಲಿದ್ದರೂ ನಮ್ಮವರು ನಿಮಗೆ ಕುಡಿಯಲು ನೀರು ಕೊಡುತ್ತಾರೆ.

ದಾಕ್ಷಾಯಣಿ